ಕ ಹೋಗಿ 4 ಬಂತು

(ಗಣಿತ ಕಲಿಸುವವರು ಮತ್ತು ಮಕ್ಕಳ ಓದಿಗೆ ನೆರವಾಗುವ ಪೋಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಮಾತಿನ ನಡುವೆಯೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ನೋಟ್‌ಬುಕ್ಕಿನ ಪುಟದಿಂದ ಶುರು ಮಾಡುತ್ತೇನೆ. ಆಗ ನಾನು ಪಾಠ ಮಾಡಲು ಸೇರಿದ ಹೊಸತು. ಬೀಜೋಕ್ತಿಗಳ ಬೆಲೆ ಕಂಡುಹಿಡಿಯುವ ಲೆಕ್ಕ ಕೊಟ್ಟಿದ್ದೆ. ಕ = 4 ಆದಾಗ 3ಕ ಎಷ್ಟು? ಒಬ್ಬ ಹುಡುಗಿ ದುಂಡಗೆ ಬರೆದಿದ್ದಳು: 34. ನಾನು ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದು ಹಾಕಿ, ಪಕ್ಕದಲ್ಲಿ 12 ಅಂತ ಬರೆದು, ಪುಟ ತಿರುಗಿಸಿದೆ. ಮಾರನೆ ದಿನ ಅವಳು ಪುಸ್ತಕ ಹಿಡಿದುಕೊಂಡು ಬಂದಳು. "ಮಿಸ್, ಅಕ್ಷರ ತೆಗೆದು ಅಲ್ಲಿ ಸಂಖ್ಯೆ ಇಡಿ ಅಂತ ನೀವೇ ಹೇಳಿದ್ರಲ್ಲ. ನಾನು ಹಾಗೇ ಇಟ್ಟೆ."

"ಮಧ್ಯೆ ಗುಣಾಕಾರ ಇದೆಯಲ್ಲಮ್ಮ" ಅಂದೆ.

"ಎಲ್ಲಿದೆ?" ಅಂದಳು.

ನಿಜ. ಎಲ್ಲೂ ಕಾಣುತ್ತಿರಲಿಲ್ಲ. ಅವಳು ನಾನು ಹೇಳಿದ್ದನ್ನು ಅಕ್ಷರಶಃ ಮಾಡಿದ್ದಳು. ಹೇಳಿದ್ದರಲ್ಲೇ ಕೊರತೆ ಇತ್ತು. ಇವತ್ತಿನ ಮಾತೆಲ್ಲ ಆ 34ರ ಸುತ್ತಲೇ.

ಮೊದಲು ಒಂದು ಸಣ್ಣ ವಿಷಯ. ತರಗತಿಯಲ್ಲಿ ನಾವೆಲ್ಲ ಎಕ್ಸ್ ಅಂತ ಬರೆಯುತ್ತೇವೆ. ಇಲ್ಲಿ ನಾನು ಕ ಅಂತ ಬರೆಯುತ್ತೇನೆ. ಯಾಕೆ ಅಂದರೆ, ಅಕ್ಷರ ಯಾವುದಾದರೂ ಲೆಕ್ಕಕ್ಕೆ ವ್ಯತ್ಯಾಸವಿಲ್ಲ. ಅದು ಮಕ್ಕಳಿಗೆ ಮೊದಲ ದಿನವೇ ಗೊತ್ತಾಗಬೇಕು. ಎಕ್ಸ್, ವೈ, ಝಡ್ ಅನ್ನು ಗೊತ್ತಿಲ್ಲದ ಸಂಖ್ಯೆಗಳಿಗೆ ಬಳಸಿ ರೂಢಿಗೆ ತಂದದ್ದು ರೆನೆ ಡೆಕಾರ್ಟ್, 1637ರಲ್ಲಿ. ಅದಕ್ಕೂ ಮುಂಚೆ, 1591ರಲ್ಲಿ, ಫ್ರಾನ್ಸ್ವಾ ವಿಯೆಟ್ ಗೊತ್ತಿಲ್ಲದ್ದಕ್ಕೆ ಸ್ವರಾಕ್ಷರ, ಗೊತ್ತಿರುವುದಕ್ಕೆ ವ್ಯಂಜನ ಅಂತ ಹಂಚಿದ್ದರು. ಅವರಿಬ್ಬರಿಗೂ ಎಷ್ಟೋ ಮೊದಲು ನಮ್ಮ ಗಣಿತಜ್ಞರು ಮೊದಲ ಅವ್ಯಕ್ತಕ್ಕೆ ಯಾವತ್ತಾವತ್ ಅನ್ನುತ್ತಿದ್ದರು. ಎಷ್ಟಿದೆಯೋ ಅಷ್ಟು ಅಂತ ಅದರ ಅರ್ಥ. ಇದಕ್ಕಿಂತ ಒಳ್ಳೆಯ ಹೆಸರು ನನಗಂತೂ ಗೊತ್ತಿಲ್ಲ. ಎರಡನೆಯದು ಬೇಕಾದರೆ ಬಣ್ಣದ ಹೆಸರು: ಕಾಲಕ, ನೀಲಕ, ಪೀತಕ. ಬರೆಯುವಾಗ ಚಿಕ್ಕದಾಗಿ ಯಾ, ಕಾ, ನೀ, ಪೀ. ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಲೆಕ್ಕಗಳು ಹೀಗೇ ನಡೆಯುತ್ತವೆ. ಹಾಗಾಗಿ ಕ ಅಂತ ಬರೆದರೆ ಏನೂ ಕಳೆದುಹೋಗುವುದಿಲ್ಲ.

ಇನ್ನು, ಅಕ್ಷರದ ಜಾಗದಲ್ಲಿ ಸಂಖ್ಯೆ ಇಡುವ ಕೆಲಸಕ್ಕೆ ನಮ್ಮ ಪಠ್ಯಪುಸ್ತಕಗಳು ಆದೇಶಿಸುವುದು ಅನ್ನುತ್ತವೆ. ಮಕ್ಕಳು ಈ ಪದ ಕೇಳಿದ ಕೂಡಲೇ ಸರ್ಕಾರಿ ಆದೇಶ, ಅಪ್ಪಣೆ ಅಂದುಕೊಳ್ಳುತ್ತಾರೆ. ಆದರೆ ಇದೇ ಪದ ಅವರಿಗೆ ಕನ್ನಡದ ಪೀರಿಯಡ್ಡಿನಲ್ಲಿ ಆಗಲೇ ಸಿಕ್ಕಿರುತ್ತದೆ. ಆದೇಶ ಸಂಧಿ. ಮಳೆ + ಕಾಲ = ಮಳೆಗಾಲ. ಕ ಹೋಗಿ ಗ ಬಂತು. ಕಣ್ + ಪನಿ = ಕಂಬನಿ. ಪ ಹೋಗಿ ಬ ಬಂತು. ಒಂದರ ಜಾಗಕ್ಕೆ ಇನ್ನೊಂದು ಬಂದು ಕೂರುವುದೇ ಆದೇಶ. ಕನ್ನಡದ ಮೇಷ್ಟ್ರು ಹೇಳಿಕೊಟ್ಟಿದ್ದನ್ನೇ ಗಣಿತದ ಪೀರಿಯಡ್ಡಿನಲ್ಲಿ ನೆನಪಿಸಿ ನೋಡಿ, ಮಕ್ಕಳ ಮುಖ ಅರಳುತ್ತದೆ. ಒಂದು ವ್ಯತ್ಯಾಸ ಮಾತ್ರ ಒತ್ತಿ ಹೇಳಬೇಕು. ಸಂಧಿಯಲ್ಲಿ ಅಕ್ಷರ ಬದಲಾಗುವುದು ಎರಡು ಪದ ಸೇರುವ ಕಡೆ ಮಾತ್ರ. ಬೀಜೋಕ್ತಿಯಲ್ಲಿ ಕ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಒಂದೇ ಬೆಲೆ ಬರಬೇಕು. ಮೊದಲ ಕಕ್ಕೆ 4, ಎರಡನೇ ಕಕ್ಕೆ 5 ಅಂತ ಇಡುವ ಹಾಗಿಲ್ಲ.

ಈಗ 34ಕ್ಕೆ ಬರೋಣ. ಆ ಹುಡುಗಿ ಎಲ್ಲಿ ಎಡವಿದಳು? ಎರಡು ಗುರುತು ಅಕ್ಕಪಕ್ಕ ಕೂತರೆ ಏನರ್ಥ ಅನ್ನುವಲ್ಲಿ. ಇದನ್ನು ನಾವು ಯಾವತ್ತೂ ಮಕ್ಕಳಿಗೆ ಬಾಯಿಬಿಟ್ಟು ಹೇಳಿರುವುದಿಲ್ಲ. ಬೋರ್ಡಿನ ಮೇಲೆ ಮೂರು ಬರೆದಿದ್ದೇನೆ, ನೋಡಿ.

34. ಇಲ್ಲಿ 3 ಮತ್ತು 4 ಪಕ್ಕದಲ್ಲಿವೆ. ಅರ್ಥ: ಮೂರು ಹತ್ತು, ನಾಲ್ಕು ಬಿಡಿ.

3½. ಇಲ್ಲಿ 3 ಮತ್ತು ½ ಪಕ್ಕದಲ್ಲಿವೆ. ಅರ್ಥ: ಮೂರಕ್ಕೆ ಅರ್ಧ ಕೂಡಿಸು.

3ಕ. ಇಲ್ಲಿ 3 ಮತ್ತು ಕ ಪಕ್ಕದಲ್ಲಿವೆ. ಅರ್ಥ: ಮೂರರಿಂದ ಕ ಅನ್ನು ಗುಣಿಸು.

ಒಂದೇ ನೋಟ, ಮೂರು ಅರ್ಥ. ಮೊದಲಿನ ಎರಡನ್ನು ಮಗು ವರ್ಷಗಟ್ಟಲೆ ಅಭ್ಯಾಸ ಮಾಡಿದೆ. ಮೂರನೆಯದು ನಿನ್ನೆ ಬಂದ ಅತಿಥಿ. ಈಗ ಕ = ½ ಅಂತ ಇಟ್ಟು ನೋಡಿ. 3ಕ ಅಂದರೆ 3 × ½, ಅಂದರೆ ಒಂದೂವರೆ. ಆದರೆ ಕ ತೆಗೆದು ½ ಇಟ್ಟರೆ ಪುಟದ ಮೇಲೆ ಕಾಣುವುದು 3½, ಮೂರೂವರೆ! ಅದೇ ಕೈ, ಅದೇ ಕೆಲಸ, ಉತ್ತರ ಮಾತ್ರ ಎರಡು ಜಾಸ್ತಿ. ಈ ಲೆಕ್ಕದಲ್ಲಿ ದೊಡ್ಡವರೂ ಎಡವಿದ್ದನ್ನು ನಾನು ನೋಡಿದ್ದೇನೆ.

ನಾವು ಆಡುವ ಮಾತಿನಲ್ಲೂ ಹೀಗೇ ಇದೆ. ಮುನ್ನೂರು ಅಂದರೆ ಮೂರು ನೂರುಗಳು, ಗುಣಾಕಾರ. ನೂರಮೂರು ಅಂದರೆ ನೂರು ಮತ್ತು ಮೂರು, ಸಂಕಲನ. ಎರಡರಲ್ಲೂ ಇರುವುದು ಅದೇ ನೂರು, ಅದೇ ಮೂರು. ಯಾವುದು ಮುಂದೆ, ಯಾವುದು ಹಿಂದೆ ಅನ್ನುವುದರ ಮೇಲೆ ಅರ್ಥ ನಿಂತಿದೆ. ಮಾತು ಕಲಿಯುವ ಮಗುವಿಗೆ ಇದನ್ನು ಯಾರೂ ವಿವರಿಸುವುದಿಲ್ಲ, ಕೇಳಿ ಕೇಳಿ ಬರುತ್ತದೆ. ಬೀಜಗಣಿತಕ್ಕೆ ಅಷ್ಟು ಪುರುಸೊತ್ತು ಇಲ್ಲ. ಅದಕ್ಕೇ ಅಲ್ಲಿ ಬಾಯಿಬಿಟ್ಟು ಹೇಳಬೇಕು.

ನಾನು ಈಗ ಏನು ಹೇಳಿಕೊಡುತ್ತೇನೆ ಅಂದರೆ ಇಷ್ಟೇ: ಅಕ್ಷರವನ್ನು ತೆಗೆಯಿರಿ, ಅದರ ಜಾಗದಲ್ಲಿ ಮೊದಲು ಒಂದು ಖಾಲಿ ಬ್ರಾಕೆಟ್ ಹಾಕಿ, ಆಮೇಲೆ ಸಂಖ್ಯೆಯನ್ನು ಬ್ರಾಕೆಟ್ಟಿನ ಒಳಗೆ ಬರೆಯಿರಿ. 3ಕ ಮೊದಲು 3( ) ಆಗುತ್ತದೆ, ಆಮೇಲೆ 3(4). ಖಾಲಿ ಬ್ರಾಕೆಟ್ಟಿನ ಸಾಲನ್ನು ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಅದನ್ನು ಬರೆದಾಗಲೇ ಮಗುವಿಗೆ ಕ ಅನ್ನುವುದು ಒಂದು ಜಾಗ ಅಂತ ಕಣ್ಣಿಗೆ ಕಾಣುವುದು.

ಬ್ರಾಕೆಟ್ ಯಾಕೆ ಬೇಕು ಅನ್ನುವುದು ಋಣ ಸಂಖ್ಯೆ ಬಂದಾಗ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 2ಕ² − 5ಕ + 1, ಇದರಲ್ಲಿ ಕ = −3 ಇಡೋಣ. ಮೊದಲು ಬ್ರಾಕೆಟ್ ಇಲ್ಲದೆ, ಸುಮ್ನೆ ತೆಗೆದು ಇಟ್ಟರೆ ಏನಾಗುತ್ತದೆ?

2 − 3² − 5 − 3 + 1

ಮಾಡಿ ನೋಡಿ, −14 ಬರುತ್ತದೆ. ಈಗ ಬ್ರಾಕೆಟ್ ಹಾಕಿ:

2(−3)² − 5(−3) + 1

(−3)² ಅಂದರೆ 9. ಎರಡು ಒಂಬತ್ತಲ 18. ಆಮೇಲೆ −5 ಮತ್ತು −3, ಎರಡೂ ಋಣ, ಗುಣಿಸಿದರೆ +15. ಕೊನೆಗೆ 1. ಒಟ್ಟು 34. ಮತ್ತೆ 34 ಬಂತು, ಆದರೆ ಈ ಸಲ ಸರಿಯಾದ 34! ಬ್ರಾಕೆಟ್ ಇಲ್ಲದ ಸಾಲಿನಲ್ಲಿ ನಡೆದದ್ದು ಏನು ಗೊತ್ತಾ? ಮೂರರ ಸ್ವಂತ ಮೈನಸ್ಸು ಕಳೆಯುವ ಗುರುತಾಗಿ ಬದಲಾಯಿತು. ಗುಣಾಕಾರ ಇದ್ದ ಎರಡೂ ಕಡೆ ವ್ಯವಕಲನ ಬಂದು ಕೂತಿತು. ಮಗು ಲೆಕ್ಕ ತಪ್ಪು ಮಾಡಲಿಲ್ಲ, ಬೇರೆಯೇ ಲೆಕ್ಕ ಮಾಡಿತು.

ಎರಡು ಋಣಗಳ ಗುಣಲಬ್ಧ ಧನ ಅನ್ನುವ ನಿಯಮವನ್ನು ಬ್ರಹ್ಮಗುಪ್ತರು 628ರಲ್ಲೇ ಸಾಲ, ಸ್ವತ್ತು ಅನ್ನುವ ಮಾತುಗಳಲ್ಲಿ ಬರೆದಿಟ್ಟರು. ನಿಯಮ ಅಷ್ಟು ಹಳೆಯದು. ಆದರೂ ಮೈನಸ್ ಮೂರರ ವರ್ಗ ಎಷ್ಟು ಅನ್ನುವುದರಲ್ಲಿ ಯಂತ್ರಗಳೇ ಒಮ್ಮತಕ್ಕೆ ಬಂದಿಲ್ಲ. ನಿಮ್ಮ ಹತ್ತಿರ ಕಂಪ್ಯೂಟರ್ ಇದ್ದರೆ ಇವತ್ತೇ ಮಾಡಿ ನೋಡಿ. ಎಕ್ಸೆಲ್‌ನ ಒಂದು ಸೆಲ್ಲಿನಲ್ಲಿ =-3^2 ಅಂತ ಟೈಪ್ ಮಾಡಿದರೆ 9 ಬರುತ್ತದೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ -3**2 ಅಂತ ಕೊಟ್ಟರೆ -9 ಬರುತ್ತದೆ. ಎಕ್ಸೆಲ್ ಮೈನಸ್ಸನ್ನು ಮೊದಲು ಮೂರಕ್ಕೆ ಅಂಟಿಸಿಕೊಂಡು ಆಮೇಲೆ ವರ್ಗ ಮಾಡುತ್ತದೆ. ಪೈಥಾನ್ ಮೊದಲು ವರ್ಗ ಮಾಡಿ ಆಮೇಲೆ ಮೈನಸ್ ಹಚ್ಚುತ್ತದೆ. ಗಣಿತದ ಪುಸ್ತಕಗಳ ರೂಢಿ ಎರಡನೆಯದು. ಬ್ರಾಕೆಟ್ ಹಾಕಿದರೆ ಎರಡೂ ಒಂದೇ ಉತ್ತರ ಕೊಡುತ್ತವೆ. ನಮ್ಮ ಮಕ್ಕಳು ನಾಳೆ ಈ ಯಂತ್ರಗಳ ಮುಂದೆ ಕೂರುವವರು ಅಲ್ವಾ?

ಇಲ್ಲಿಯವರೆಗೆ ಹೇಳಿದ್ದು ಬೆಲೆ ಇಡುವುದು ಹೇಗೆ ಅಂತ. ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಬೆಲೆ ಯಾಕೆ ಇಡಬೇಕು?

ಪರೀಕ್ಷೆಯಲ್ಲಿ ಒಂದೋ ಎರಡೋ ಅಂಕಕ್ಕೆ ಬರುವ ಸುಲಭದ ಪ್ರಶ್ನೆ ಅಂತ ನಾವು ಇದನ್ನು ಬೇಗ ದಾಟಿಬಿಡುತ್ತೇವೆ. ನಾನು ಹೇಳುವುದು, ಒಂದು ಬೀಜೋಕ್ತಿ ಅರ್ಥವಾಗದೆ ಇದ್ದಾಗ, ಅಥವಾ ಅದರ ಮೇಲೆ ನಂಬಿಕೆ ಬಾರದೆ ಇದ್ದಾಗ, ಮೊದಲು ಮಾಡಬೇಕಾದ ಕೆಲಸವೇ ಇದು. ಬೀಜೋಕ್ತಿ ಅನ್ನುವ ಪದದಲ್ಲೇ ಉಕ್ತಿ ಇದೆ, ಅಂದರೆ ಮಾತು. ಒಂದು ಸಂಖ್ಯೆ ಕೊಟ್ಟು ಕೇಳಿದರೆ ಅದು ಬಾಯಿ ಬಿಡುತ್ತದೆ.

(ಕ + 3)² = ಕ² + 9 ಅಂತ ಬರೆಯದ ಮಗು ಇಲ್ಲ. ಸೂತ್ರವನ್ನು ಹತ್ತು ಸಲ ಬರೆಸಿದರೂ ಮತ್ತೆ ಹಾಗೇ ಬರೆಯುತ್ತಾರೆ. ಬರೆಸುವ ಬದಲು, ಕ = 1 ಇಟ್ಟು ನೋಡು ಅನ್ನಿ. ಎಡಗಡೆ 4ರ ವರ್ಗ, 16. ಬಲಗಡೆ 1 + 9, ಅಂದರೆ 10. ಮುಗೀತು. ಟೀಚರ್ ತಪ್ಪು ಅನ್ನಬೇಕಾಗಿಲ್ಲ, ಸಂಖ್ಯೆಯೇ ಹೇಳಿತು. ಆ 6 ಎಲ್ಲಿ ಹೋಯಿತು ಅಂತ ಮಗು ತಾನಾಗಿ ಹುಡುಕಲು ಶುರು ಮಾಡುತ್ತದೆ. ಕ = 2 ಇಟ್ಟರೆ 25 ಮತ್ತು 13, ವ್ಯತ್ಯಾಸ 12. ಕ = 3 ಇಟ್ಟರೆ 36 ಮತ್ತು 18, ವ್ಯತ್ಯಾಸ 18. ಆರು, ಹನ್ನೆರಡು, ಹದಿನೆಂಟು. ಆರರ ಮಗ್ಗಿ! ಬಿಟ್ಟುಹೋಗಿದ್ದ 6ಕ ಹೀಗೆ ಸಿಗುತ್ತದೆ. ನಾನು ಇದನ್ನು ತರಗತಿಯಲ್ಲಿ ಎಷ್ಟೋ ಸಲ ಮಾಡಿದ್ದೇನೆ. ಹಿಂದಿನ ಬೆಂಚಿನಿಂದ "ಆರ್ ಕ, ಆರ್ ಕ" ಅಂತ ಕೂಗು ಬರುವ ಆ ಗಳಿಗೆ ನನಗೆ ಇವತ್ತಿಗೂ ಹಳತಾಗಿಲ್ಲ.

ಯಾವ ಸಂಖ್ಯೆ ಇಡಬೇಕು ಅನ್ನುವುದರಲ್ಲೂ ಒಂದು ಜಾಣತನ ಇದೆ. ಮಕ್ಕಳು ಸುಲಭ ಅಂತ ಸೊನ್ನೆ ಇಡುತ್ತಾರೆ. ಮೇಲಿನ ಲೆಕ್ಕದಲ್ಲಿ ಸೊನ್ನೆ ಇಟ್ಟರೆ ಎರಡೂ ಕಡೆ 9, ತಪ್ಪು ಬಚಾವಾಗಿಬಿಡುತ್ತದೆ. ಕ² ಮತ್ತು 2ಕ ಒಂದೇ ಅಂದುಕೊಂಡ ಮಗು ಕ = 2 ಇಟ್ಟರೆ ಎರಡೂ 4. ಕ² ಮತ್ತು ಕ³ ಒಂದೇ ಅಂದುಕೊಂಡವರಿಗೆ 1 ಇಟ್ಟರೆ ಏನೂ ಗೊತ್ತಾಗುವುದಿಲ್ಲ. 0, 1, 2 ಈ ಮೂರೂ ತೀರಾ ಮೆದು ಸಂಖ್ಯೆಗಳು, ಬೇಗ ಹೂಂ ಅಂದುಬಿಡುತ್ತವೆ. ಪರೀಕ್ಷಿಸುವಾಗ 3, 7 ಅಥವಾ −5 ತರಹದ ಗಟ್ಟಿ ಸಂಖ್ಯೆಯನ್ನೂ ಒಂದು ಸಲ ಇಟ್ಟು ನೋಡಬೇಕು.

ಹಾಗಾದರೆ ಎಷ್ಟು ಸಂಖ್ಯೆ ಇಟ್ಟರೆ ನಂಬಬಹುದು? ಒಳ್ಳೆಯ ಪ್ರಶ್ನೆ. ಕ² + ಕ + 41 ತೆಗೆದುಕೊಳ್ಳಿ. ಕ = 0 ಇಟ್ಟರೆ 41. 1 ಇಟ್ಟರೆ 43. 2 ಇಟ್ಟರೆ 47. 3 ಇಟ್ಟರೆ 53. ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. ಹೀಗೇ ಮುಂದುವರಿಸಿದರೆ 39ರ ತನಕ, ನಲವತ್ತು ಸಲವೂ, ಅವಿಭಾಜ್ಯವೇ ಬರುತ್ತದೆ. ನಲವತ್ತು ಸಲ ನಿಜವಾದದ್ದು ಯಾವಾಗಲೂ ನಿಜ ಅಂತ ಯಾರಿಗಾದರೂ ಅನ್ನಿಸುತ್ತದೆ. ಕ = 40 ಇಡಿ. 1600 + 40 + 41 = 1681. ಅದು 41 × 41. ಅವಿಭಾಜ್ಯ ಅಲ್ಲ! ಇದರ ಜೋಡಿ ರೂಪ, ನಡುವೆ ಮೈನಸ್ ಇರುವುದನ್ನು, 1772ರಲ್ಲಿ ಲಿಯೊನಾರ್ಡ್ ಆಯ್ಲರ್ ಬರೆದರು. ಬೆಲೆ ಇಡುವ ಪಾಠಕ್ಕೆ ಇದಕ್ಕಿಂತ ಚಂದದ ಉದಾಹರಣೆ ಇಲ್ಲ. ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಸಂಖ್ಯೆ ಹಂಚಿ. 40 ಸಿಕ್ಕ ಮಗುವಿನ ಮುಖ ನೋಡಿ.

ಆದರೆ ಎರಡು ಬೀಜೋಕ್ತಿಗಳು ಒಂದೇನಾ ಅನ್ನುವ ಪ್ರಶ್ನೆ ಬೇರೆ. ಅಲ್ಲಿ ಕೆಲವೇ ಸಂಖ್ಯೆಗಳು ಸಾಕು, ಅದೂ ಪೂರ್ತಿ ಸಾಬೀತು ಮಾಡಲು! (ಕ + 2)(ಕ + 5) ಮತ್ತು ಕ² + 7ಕ + 10 ಒಂದೇನಾ? ಕ = 0 ಇಟ್ಟರೆ 10 ಮತ್ತು 10. ಕ = 1 ಇಟ್ಟರೆ 18 ಮತ್ತು 18. ಕ = −2 ಇಟ್ಟರೆ 0 ಮತ್ತು 0. ಮೂರು ಕಡೆ ಹೊಂದಿದವು. ಇಷ್ಟು ಸಾಕು, ನಾಲ್ಕನೆಯದು ಬೇಡ. ಯಾಕೆ? ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವ ಬೀಜೋಕ್ತಿಯಲ್ಲಿ ಕ²ಗಿಂತ ಹೆಚ್ಚಿನ ಘಾತ ಇರುವುದಿಲ್ಲ. ಅಂಥದ್ದು ಜಾಸ್ತಿ ಅಂದರೆ ಎರಡು ಬೆಲೆಗೆ ಸೊನ್ನೆ ಆಗಬಹುದು. ಮೂರು ಕಡೆ ಸೊನ್ನೆ ಆಯಿತು ಅಂದರೆ ಅಲ್ಲಿ ಉಳಿದದ್ದೇ ಏನೂ ಇಲ್ಲ. ಘಾತ ಮೂರಾದರೆ ನಾಲ್ಕು ಬೆಲೆ, ಘಾತ ಹತ್ತಾದರೆ ಹನ್ನೊಂದು. ಬಿಡಿಸಿ ಬರೆಯಲು ಆಗದಷ್ಟು ದೊಡ್ಡ ಬೀಜೋಕ್ತಿಗಳನ್ನು ಕಂಪ್ಯೂಟರುಗಳು ಪರೀಕ್ಷಿಸುವುದೂ ಹೀಗೇ. ಮನಸ್ಸಿಗೆ ಬಂದ ಸಂಖ್ಯೆ ಇಟ್ಟು, ಎರಡೂ ಕಡೆ ಹೊಂದುತ್ತದಾ ಅಂತ ನೋಡುತ್ತವೆ. ಏಳನೇ ತರಗತಿಯ ಲೆಕ್ಕ ಅಲ್ಲಿಯವರೆಗೆ ಹೋಗುತ್ತದೆ.

ಇನ್ನೊಂದು ಕಥೆ. ಒಂದು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ. ವಿದ್ಯಾರ್ಥಿಗಳ ಸಂಖ್ಯೆ ವಿ, ಪ್ರಾಧ್ಯಾಪಕರ ಸಂಖ್ಯೆ ಪ್ರಾ. ಸಮೀಕರಣ ಬರೆಯಿರಿ. ಮುಂದೆ ಓದುವ ಮುಂಚೆ ನೀವೂ ಬರೆದು ನೋಡಿ. 1980ರ ಆಸುಪಾಸಿನಲ್ಲಿ ಅಮೆರಿಕದ ಜಾನ್ ಕ್ಲೆಮೆಂಟ್ ಮತ್ತು ಜೊತೆಗಾರರು ಇದನ್ನು ಎಂಜಿನಿಯರಿಂಗ್ ಓದುವವರಿಗೆ ಕೊಟ್ಟರು. ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನ ತಪ್ಪು ಬರೆದರು. ಎಲ್ಲರಿಗಿಂತ ಹೆಚ್ಚು ಕಂಡ ತಪ್ಪು: 6ವಿ = ಪ್ರಾ. ಓದಲು ಎಷ್ಟು ಸರಿ ಅನ್ನಿಸುತ್ತದೆ ನೋಡಿ. ಆರು ವಿದ್ಯಾರ್ಥಿಗೆ ಒಬ್ಬ ಪ್ರಾಧ್ಯಾಪಕ. ಈಗ ಬೆಲೆ ಇಡಿ. ಪ್ರಾಧ್ಯಾಪಕರು 10 ಜನ ಆದರೆ ವಿದ್ಯಾರ್ಥಿಗಳು 60. ಆಗ 6(60) = 10 ಆಗಬೇಕು. 360 ಎಲ್ಲಿ, 10 ಎಲ್ಲಿ! ಸರಿಯಾದದ್ದು ವಿ = 6ಪ್ರಾ. ಅವರು ವಿ ಅನ್ನುವುದನ್ನು ವಿದ್ಯಾರ್ಥಿ ಅಂತ ಓದಿದರು. ಅದು ವಿದ್ಯಾರ್ಥಿ ಅಲ್ಲ, ವಿದ್ಯಾರ್ಥಿಗಳ ಸಂಖ್ಯೆ. ಅದಕ್ಕೇ ಪೆನ್ನಿಗೆ ಪೆ, ಪುಸ್ತಕಕ್ಕೆ ಪು ಅಂತ ಶುರು ಮಾಡಿಸುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ಮೂರು ಪೆನ್ನಿಗೆ 3ಪೆ ಅಂತ ಮೊದಲ ವಾರ ಹೇಳಿಕೊಟ್ಟರೆ, ಎಂಜಿನಿಯರಿಂಗ್ ಸೇರಿದ ಮೇಲೂ ಅದು ಬಿಡುವುದಿಲ್ಲ.

ಅಕ್ಷರ ಒಂದು ಸಂಖ್ಯೆ ಅಂದ ಮೇಲೆ, ಯಾವ ಅಳತೆಯ ಸಂಖ್ಯೆ ಅಂತಲೂ ಕೇಳಬೇಕು. 1999ರ ಸೆಪ್ಟೆಂಬರಿನಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಅನ್ನುವ ನೌಕೆ ಮಂಗಳ ಗ್ರಹ ಮುಟ್ಟುವ ಹೊತ್ತಿಗೆ ನಾಶವಾಯಿತು. ಒಂದು ಸಾಫ್ಟ್‌ವೇರು ತಳ್ಳುವ ಬಲದ ಲೆಕ್ಕವನ್ನು ಪೌಂಡಿನಲ್ಲಿ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್ ಅಂದುಕೊಂಡು ತನ್ನ ಲೆಕ್ಕಕ್ಕೆ ಹಾಕಿಕೊಂಡಿತು. ನಾಲ್ಕೂವರೆ ಪಟ್ಟಿನ ಹತ್ತಿರ ವ್ಯತ್ಯಾಸ. ಲೆಕ್ಕದ ಸೂತ್ರ ಸರಿಯಾಗೇ ಇತ್ತು. ಅದಕ್ಕೆ ಇಟ್ಟ ಬೆಲೆ ಬೇರೆ ಅಳತೆಯದಾಗಿತ್ತು.

ಮಾತು ಮುಗಿಸಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ಕೇಳಿದರು. "ಮೇಡಂ, ಆ ಹುಡುಗಿಗೆ ಕೊನೆಗೆ ಏನು ಹೇಳಿದಿರಿ?"

ಆ ದಿನ ಏನೂ ಹೇಳಲು ಆಗಿರಲಿಲ್ಲ. ವಾರ ಕಳೆದ ಮೇಲೆ ಅವಳನ್ನು ಕರೆದು ಕೂರಿಸಿಕೊಂಡೆ. 2305 ಅಂತ ಬರೆದೆ. "ಇದರಲ್ಲಿ ಎಷ್ಟು ಸಾವಿರ, ಎಷ್ಟು ನೂರು?" ಅಂದೆ. ಅವಳು ಬಿಡಿಸಿ ಹೇಳಿದಳು: ಎರಡು ಸಾವಿರ, ಮೂರು ನೂರು, ಹತ್ತು ಇಲ್ಲ, ಐದು ಬಿಡಿ. ಸಾವಿರ ಅಂದರೆ ಹತ್ತರ ಘನ, ನೂರು ಅಂದರೆ ಹತ್ತರ ವರ್ಗ. ಅದರ ಕೆಳಗೆ 2ಕ³ + 3ಕ² + 5 ಅಂತ ಬರೆದು, ಕ = 10 ಇಡು ಅಂದೆ. ಖಾಲಿ ಬ್ರಾಕೆಟ್ ಹಾಕಿ, ಒಂದೊಂದರೊಳಗೂ 10 ಬರೆದು ಲೆಕ್ಕ ಮಾಡಿದಳು. 2305 ಬಂತು. ಸ್ವಲ್ಪ ಹೊತ್ತು ನೋಡುತ್ತಾ ಕೂತಳು. ಆಮೇಲೆ ತನ್ನ ಹಳೆಯ ಪುಟ ತೆಗೆದಳು. ನಾನು ಕೆಂಪಿನಲ್ಲಿ ಹೊಡೆದಿದ್ದ 34ರ ಪಕ್ಕ, ಉಳಿದಿದ್ದ ಚೂರು ಜಾಗದಲ್ಲಿ, ಪೆನ್ಸಿಲ್ಲಿನಲ್ಲಿ ಬರೆದಳು: 3ಕ + 4, ಕ = 10.